ಕಾಸರಕದ ಬೀಜ ಮತ್ತು ನಕ್ಸ್ ವಾಮಿಕಾ ‘ಮನುಷ್ಯ’: ಈ ಸ್ವಭಾವಚಿತ್ರ ಎಲ್ಲಿಂದ ಬಂತು?

ಕರಾವಳಿ ಓದುಗ

ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಎರಡು ಕಾಸರಕನ ಮರಗಳಿವೆ. ತುಳುವಿನಲ್ಲಿ ಅದನ್ನು ಕಾಯೆರ್ ಎನ್ನುತ್ತೇವೆ. ಕಿತ್ತಳೆಯಂತೆ ಹೊಳೆಯುವ ಅದರ ಹಣ್ಣನ್ನು ಮುಟ್ಟಬಾರದೆಂದು ಅಜ್ಜಿ ಹೇಳುತ್ತಿದ್ದರು, ನಾವು ಮುಟ್ಟಲಿಲ್ಲ. ಅದೇ ಮರದ ಬೀಜದಿಂದ ತಯಾರಾದ ನಕ್ಸ್ ವಾಮಿಕಾ ಎಂಬ ಹೋಮಿಯೋಪತಿ ಔಷಧ, ಸಕ್ಕರೆ ಗುಳಿಗೆಯ ರೂಪದಲ್ಲಿ, ಕೆಲವು ವರ್ಷಗಳ ಹಿಂದೆ ತಂದೆಯವರ ಹೊಟ್ಟೆಯುರಿಗಾಗಿ ನಮ್ಮ ಮನೆಗೆ ಬಂತು.

ಔಷಧ ಬರೆದ ವೈದ್ಯರು ಒಂದೂವರೆ ಗಂಟೆ ಮಾತನಾಡಿಸಿದರು. ಹೊಟ್ಟೆಯ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು, ಉಳಿದದ್ದೆಲ್ಲ ಸ್ವಭಾವದ ವಿಷಯ. ಬೇಗ ಸಿಟ್ಟು ಬರುತ್ತದೆಯೇ, ಯಾರಾದರೂ ಎದುರು ಮಾತನಾಡಿದರೆ ರೇಗುತ್ತದೆಯೇ, ಸದ್ದು ಕೇಳಿದರೆ ಕಿರಿಕಿರಿಯೇ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆಯೇ, ಚಳಿಯೆಂದರೆ ಕಷ್ಟವೇ ಎಂದು ಒಂದರ ಹಿಂದೊಂದು ಕೇಳಿದರು. ಪ್ರತಿಯೊಂದಕ್ಕೂ ತಂದೆಯವರು ಹೌದು ಎಂದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ ನಮ್ಮಪ್ಪ ಎಂಬುದು ಊರಿಗೆಲ್ಲ ಗೊತ್ತಿರುವುದರಿಂದ ನಮಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಆ ಪ್ರಶ್ನೆಗಳ ಹಿಂದೆ ಒಬ್ಬ ಮನುಷ್ಯನ ಚಿತ್ರ ಮೊದಲೇ ಸಿದ್ಧವಾಗಿತ್ತು ಎಂಬುದಕ್ಕೆ. ಒಂದು ಮರದ ಬೀಜಕ್ಕೆ ಇಷ್ಟು ಸ್ಪಷ್ಟವಾದ ಸ್ವಭಾವವನ್ನು ಕೊಟ್ಟವರು ಯಾರು? ಅದು ಪ್ರಯೋಗದಲ್ಲಿ ಕಂಡದ್ದೇ, ರೋಗಿಗಳಲ್ಲಿ ಕಂಡದ್ದೇ, ಅಥವಾ ಬರೆದವರ ಕಾಲದ ಸಮಾಜದಿಂದ ಬಂದದ್ದೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಗುಳಿಗೆ ಪೆಟ್ಟಿಗೆ

ನಾನು ಇಪ್ಪತ್ತು ವರ್ಷಗಳಿಂದ ಹೋಮಿಯೋಪತಿ ವೃತ್ತಿಯಲ್ಲಿರುವವಳು. ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಹೌದು ಎಂದೇ ಹೇಳಬೇಕಾಗುತ್ತದೆ. ಆದರೆ ಯಾವುದು ಎಷ್ಟು ಎಂಬುದನ್ನು ಬಿಡಿಸಿ ನೋಡದೆ ಹೋದರೆ ಚಿತ್ರವೇ ದಾರಿ ತಪ್ಪಿಸುತ್ತದೆ.

ಮೂಲ, ಹೋಮಿಯೋಪತಿಯನ್ನು ಆರಂಭಿಸಿದ ಜರ್ಮನಿಯ ವೈದ್ಯ ಹಾನೆಮಾನ್ ಅವರದು. 1790ರಲ್ಲಿ, ಸ್ಕಾಟ್ಲೆಂಡಿನ ವೈದ್ಯ ಕಲೆನ್ ಅವರ ಗ್ರಂಥವನ್ನು ಜರ್ಮನ್ ಭಾಷೆಗೆ ಅನುವಾದಿಸುತ್ತಿದ್ದಾಗ, ಸಿಂಕೋನಾ ತೊಗಟೆಯನ್ನು ತಾವೇ ಸೇವಿಸಿ ಅದರ ಪರಿಣಾಮವನ್ನು ಬರೆದಿಟ್ಟರು. ಆರೋಗ್ಯವಂತರು ಔಷಧವನ್ನು ಸೇವಿಸಿ ತಮಗಾದದ್ದನ್ನು ದಾಖಲಿಸುವ ಈ ಕ್ರಮವನ್ನೇ ನಾವು ಪ್ರೂವಿಂಗ್ ಎನ್ನುತ್ತೇವೆ. ಆರೋಗ್ಯವಂತರಲ್ಲಿ ಔಷಧ ತರುವ ಲಕ್ಷಣಗಳನ್ನು ಹೋಲುವ ಲಕ್ಷಣಗಳು ರೋಗಿಯಲ್ಲಿ ಕಂಡರೆ ಅದೇ ಔಷಧ ಕೊಡುವುದು ನಮ್ಮ ಪದ್ಧತಿ. 1805ರಲ್ಲಿ ಅವರು ಲ್ಯಾಟಿನ್‌ನಲ್ಲಿ ಪ್ರಕಟಿಸಿದ 27 ಔಷಧಗಳ ಸಂಗ್ರಹದಲ್ಲಿಯೇ ನಕ್ಸ್ ವಾಮಿಕಾ ಇದೆ. 1811ರಿಂದ ಪ್ರಕಟವಾಗತೊಡಗಿದ ಅವರ ಮೆಟೀರಿಯಾ ಮೆಡಿಕಾದಲ್ಲಿ (ಔಷಧಗಳ ಲಕ್ಷಣಗಳನ್ನು ವಿವರಿಸುವ ಗ್ರಂಥ) ಅದರ ಲಕ್ಷಣಗಳು ವಿಸ್ತಾರವಾಗಿ ಬಂದವು. ಅಲ್ಲಿನ ಮುನ್ನುಡಿಯಲ್ಲಿ, ಆತಂಕ, ಅತಿಯಾದ ಉತ್ಸಾಹ ಮತ್ತು ಬಿಸಿ ಸ್ವಭಾವವುಳ್ಳವರಿಗೆ, ಇಲ್ಲವೇ ಕೇಡಿನ ಬುದ್ಧಿಯ ಮುಂಗೋಪಿಗಳಿಗೆ ಇದು ಹೆಚ್ಚು ಹೊಂದುತ್ತದೆ ಎಂಬ ಅರ್ಥದ ಮಾತನ್ನು ಅವರು ಬರೆದಿದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡುವುದಕ್ಕಿಂತ ಮಲಗುವ ಕೆಲವು ಗಂಟೆ ಮೊದಲು ಕೊಡುವುದು ಲೇಸು ಎಂಬ ಸೂಚನೆಯೂ ಅಲ್ಲಿದೆ.

ಇನ್ನೊಂದು ಸಂಗತಿಯನ್ನು ನಮ್ಮವರೇ ಹಲವರು ಮರೆಯುತ್ತಾರೆ. ಹೋಮಿಯೋಪತಿಯ ತತ್ತ್ವಗಳನ್ನು ವಿವರಿಸುವ ‘ಆರ್ಗನನ್’ ಗ್ರಂಥದ 213ನೆಯ ಸೂತ್ರದ ಜೊತೆಗೆ ಹಾನೆಮಾನ್ ಕೊಡುವ ಉದಾಹರಣೆಗಳು ನಕಾರಾತ್ಮಕವಾದವು. ಸೌಮ್ಯವಾದ, ನಿಧಾನ ಸ್ವಭಾವದ ರೋಗಿಗೆ ನಕ್ಸ್ ವಾಮಿಕಾ ಅಷ್ಟಾಗಿ ಉಪಯೋಗಕ್ಕೆ ಬಾರದು. ಸಂತೋಷದಿಂದಿರುವ ಹಟಮಾರಿಗೆ ಪಲ್ಸಟಿಲ್ಲಾ ಎಂಬ ಔಷಧ ಬಾರದು. ಹೆದರದ, ನೊಂದುಕೊಳ್ಳದ ಗಟ್ಟಿ ಮನಸ್ಸಿನವರಿಗೆ ಇಗ್ನೇಷಿಯಾ ಬಾರದು ಎಂದು ಅಲ್ಲಿ ಹೇಳುತ್ತಾರೆ. ಎರಡು ಮೂರು ಔಷಧಗಳು ದೇಹದ ಲಕ್ಷಣಗಳಿಗೆ ಸಮನಾಗಿ ಹೊಂದಿದಾಗ ಮನಸ್ಸಿನ ಸ್ಥಿತಿ ಆಯ್ಕೆಯನ್ನು ನಿರ್ಧರಿಸಬೇಕು ಎಂಬ ಉದ್ದೇಶಕ್ಕೆ ಬಂದ ಮಾತು ಅದು ಎಂದು ನಾನು ಓದಿಕೊಳ್ಳುತ್ತೇನೆ. ಸಿಟ್ಟು ಕಂಡಲ್ಲೆಲ್ಲ ನಕ್ಸ್ ಕೊಡು ಎಂದು ಅವರು ಎಲ್ಲಿಯೂ ಹೇಳಿಲ್ಲ.

ಸಸ್ಯಮಿತ್ರ

ಮರದ ಬಗ್ಗೆ ಒಂದಿಷ್ಟು ಹೇಳುತ್ತೇನೆ. ಕಾಸರಕದ ಹಣ್ಣಿನ ಸಿಪ್ಪೆ ಗಟ್ಟಿ, ಒಳಗೆ ಬಿಳಿಯ ಲೋಳೆಯಂಥ ತಿರುಳು, ಆ ತಿರುಳಿನಲ್ಲಿ ಹುದುಗಿದ ಚಪ್ಪಟೆ ಬೀಜಗಳು. ಒಣಗಿದ ಬೀಜವನ್ನು ಅಂಗೈಯಲ್ಲಿಟ್ಟು ನೋಡಿದರೆ ಬೂದು ಬಣ್ಣದ ಕೋಟಿನ ಗುಂಡಿಯಂತೆ ಕಾಣುತ್ತದೆ. ಮೇಲೆಲ್ಲ ರೇಷ್ಮೆಯಂಥ ಸಣ್ಣ ರೋಮಗಳು ನಡುವಿನಿಂದ ಅಂಚಿನ ಕಡೆಗೆ ಬಾಚಿಟ್ಟಂತೆ ಮಲಗಿರುತ್ತವೆ. ಹಲ್ಲಿನಲ್ಲಿ ಕಚ್ಚಿದರೆ ಒಡೆಯದಷ್ಟು ಗಟ್ಟಿ. (ದಯವಿಟ್ಟು ಯಾರೂ ಕಚ್ಚಬೇಡಿ.) ಮಂಗಟ್ಟೆ ಹಕ್ಕಿಗಳು ಈ ಹಣ್ಣನ್ನು ತಿನ್ನುತ್ತವೆ, ಅವಕ್ಕೇನೂ ಆಗುವುದಿಲ್ಲ. ಮನುಷ್ಯನಿಗೆ ಬೀಜವೂ ತೊಗಟೆಯೂ ಘೋರ ವಿಷ.

ಆಟಿ ಅಮಾವಾಸ್ಯೆಯ ದಿನ ತುಳುನಾಡಿನಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ನಿಮಗೆಲ್ಲ ತಿಳಿದದ್ದೇ. ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕೆಂಬ ಕಟ್ಟಳೆ. ಆ ಕತ್ತಲಲ್ಲಿ ಪಾಲೆಯೆಂದು ಕಾಸರಕನ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ. ಅದಕ್ಕಾಗಿಯೇ ಮರವನ್ನು ಹಿಂದಿನ ದಿನ ಹಗಲಿನಲ್ಲೇ ಗುರುತು ಮಾಡಿ ಬರಬೇಕೆಂದು ಹಿರಿಯರು ಹೇಳುತ್ತಿದ್ದರು.

ಆಯುರ್ವೇದದಲ್ಲಿ ಇದು ವಿಷಮುಷ್ಟಿ, ಕುಪೀಲು. ಅಲ್ಲಿ ಗೋಮೂತ್ರದಲ್ಲಿ ನೆನೆಸಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆ ಮತ್ತು ಮೊಳಕೆ ತೆಗೆದು, ತುಪ್ಪದಲ್ಲಿ ಹುರಿದು ಶೋಧನೆ (ಶುದ್ಧೀಕರಣ) ಮಾಡದೆ ಬಳಸುವಂತಿಲ್ಲ. ಆಯುರ್ವೇದಕ್ಕೆ ಈ ಬೀಜ ದ್ರವ್ಯ. ಅದಕ್ಕೆ ರಸ (ರುಚಿ), ಗುಣ, ವೀರ್ಯ (ಶಕ್ತಿ) ಇವೆ. ಮನುಷ್ಯರಲ್ಲಿ ವಾತ, ಪಿತ್ತ, ಕಫ ಪ್ರಕೃತಿಗಳನ್ನು ಅದು ಗುರುತಿಸುತ್ತದೆಯೇ ಹೊರತು ‘ಕುಪೀಲು ಮನುಷ್ಯ’ ಎಂಬುವವನನ್ನು ಕಲ್ಪಿಸುವುದಿಲ್ಲ.

ಔಷಧಶಾಸ್ತ್ರದ ಮೇಷ್ಟ್ರು

ಸಸ್ಯಮಿತ್ರರು ಹೇಳಿದ ವಿಷ ಹೇಗೆ ಕೆಲಸ ಮಾಡುತ್ತದೆ ಎಂಬುದು ಈ ಚರ್ಚೆಗೆ ಮುಖ್ಯವೆಂದು ನನಗೆ ತೋರುತ್ತದೆ, ಏಕೆಂದರೆ ಸ್ವಭಾವಚಿತ್ರದ ಒಂದು ಎಳೆ ಅಲ್ಲಿಯೇ ಇದೆ.

ಬೀಜದಲ್ಲಿರುವ ಮುಖ್ಯ ವಿಷ ಸ್ಟ್ರಿಕ್ನಿನ್. ಜೊತೆಗೆ ಬ್ರೂಸಿನ್ ಇದೆ. ಪೆಲ್ಲೆಟಿಯೇ ಮತ್ತು ಕವೆಂಟು ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು 1818ರಲ್ಲಿ ಸ್ಟ್ರಿಕ್ನಿನ್ ಅನ್ನು ಬೇರ್ಪಡಿಸಿದರು. ನಮ್ಮ ಬೆನ್ನುಹುರಿಯಲ್ಲಿ ಗ್ಲೈಸಿನ್ ಎಂಬ ರಾಸಾಯನಿಕವು ಸ್ನಾಯುಗಳಿಗೆ ಹೋಗುವ ಸಂದೇಶಗಳಿಗೆ ಕಡಿವಾಣ ಹಾಕುತ್ತಿರುತ್ತದೆ. ಸ್ಟ್ರಿಕ್ನಿನ್ ಆ ಕಡಿವಾಣವನ್ನು ಕಳಚುತ್ತದೆ. ಆಗ ಬಾಗಿಲು ಬಡಿದ ಸದ್ದು, ಮೈಗೆ ತಾಗಿದ ಗಾಳಿ, ಕಣ್ಣಿಗೆ ಬಿದ್ದ ಬೆಳಕು, ಯಾವುದೇ ಸಣ್ಣ ಪ್ರಚೋದನೆಯಾದರೂ ಇಡೀ ದೇಹವನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುವ ಸೆಳೆತವನ್ನು ತರಬಲ್ಲದು. ಭೀಕರವಾದ ಅಂಶವೆಂದರೆ, ಅಷ್ಟು ಹೊತ್ತೂ ರೋಗಿಯ ಪ್ರಜ್ಞೆ ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ. ಇಂಥವರನ್ನು ನಿಶ್ಶಬ್ದವಾದ, ಮಂದ ಬೆಳಕಿನ ಕೋಣೆಯಲ್ಲಿಟ್ಟು ಚಿಕಿತ್ಸೆ ಮಾಡಬೇಕೆಂದು ನಾವು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ.

ಸದ್ದು, ಬೆಳಕು, ವಾಸನೆ ಯಾವುದನ್ನೂ ತಡೆಯದ, ಮುಟ್ಟಿದರೆ ಸಿಡಿಯುವ ವ್ಯಕ್ತಿ ಎಂಬ ನಕ್ಸ್ ವಾಮಿಕಾದ ವರ್ಣನೆಯನ್ನು ಇದರ ಪಕ್ಕದಲ್ಲಿಟ್ಟು ಓದಿದರೆ, ಬೆನ್ನುಹುರಿಯಲ್ಲಿ ನಡೆಯುವ ವಿದ್ಯಮಾನವು ಮನಸ್ಸಿನ ಭಾಷೆಗೆ ಅನುವಾದವಾದಂತೆ ಕಾಣುತ್ತದೆ. ಹೋಲಿಕೆಯಾಗಿ ಇದು ಗಾಢವಾದದ್ದು ಎಂಬುದನ್ನು ಒಪ್ಪುತ್ತೇನೆ. ಆದರೆ ಹೋಲಿಕೆಯಿಂದ ಚಿಕಿತ್ಸೆಗೆ ದಾಟುವ ಸೇತುವೆ ನನಗೆ ಕಾಣುವುದಿಲ್ಲ. 30 ಸಿ ಪೊಟೆನ್ಸಿ ಎಂದರೆ ನೂರರಲ್ಲಿ ಒಂದು ಪಾಲಿನಂತೆ ಮೂವತ್ತು ಬಾರಿ ತೆಳುಗೊಳಿಸಿದ್ದು, ಅಂದರೆ 1ರ ಮುಂದೆ 60 ಸೊನ್ನೆ ಹಾಕಿದಷ್ಟರಲ್ಲಿ ಒಂದು ಪಾಲು. 12 ಸಿ ದಾಟುವ ಹೊತ್ತಿಗೇ ಮೂಲ ವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಂಭವ ತೀರಾ ಕಡಿಮೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಹೋಮಿಯೋಪತಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇರುವ ಕಾಯಿಲೆ ಒಂದೂ ಇಲ್ಲ ಎಂಬ ನಿರ್ಣಯಕ್ಕೆ ಬಂದಿತು. ನನ್ನ ನಿಲುವೂ ಅದೇ.

ಗುಳಿಗೆ ಪೆಟ್ಟಿಗೆ

ಮೇಷ್ಟ್ರೇ, ಪೊಟೆನ್ಸಿಯ ವಿಷಯದಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ, ಇಂದು ಅದನ್ನು ಇತ್ಯರ್ಥ ಮಾಡಲೂ ಆಗುವುದಿಲ್ಲ. ಕೇಳಿದ್ದು ಚಿತ್ರದ ಮೂಲವನ್ನಾದ್ದರಿಂದ ಅಲ್ಲಿಗೇ ಮರಳುತ್ತೇನೆ.

ಹಾನೆಮಾನ್ ಅವರ ನಂತರ ದಾರಿ ಎರಡಾಯಿತು. ಇಂಗ್ಲೆಂಡಿನ ರಿಚರ್ಡ್ ಹ್ಯೂಸ್ ಅವರು, ಔಷಧ ಸೇವಿಸಿದ ಆರೋಗ್ಯವಂತರಲ್ಲಿ ಮತ್ತು ವಿಷಪ್ರಾಶನವಾದವರಲ್ಲಿ ಕಂಡದ್ದನ್ನು ಮಾತ್ರ ಉಳಿಸಿಕೊಂಡು, ರೋಗಿಗಳಿಂದ ಬಂದು ಸೇರಿಕೊಂಡದ್ದನ್ನು ತೆಗೆದುಹಾಕಬೇಕೆಂದು ಶ್ರಮಿಸಿದರು. 1886ರಿಂದ 1891ರವರೆಗೆ ನಾಲ್ಕು ಸಂಪುಟಗಳಲ್ಲಿ ಆ ಕೆಲಸ ಪ್ರಕಟವಾಯಿತು. ಅಮೆರಿಕದ ಜೇಮ್ಸ್ ಟೈಲರ್ ಕೆಂಟ್ ಅವರದು ಇನ್ನೊಂದು ದಾರಿ. ಸ್ವೀಡನ್‌ಬೋರ್ಗ್ ಅವರ ಅಧ್ಯಾತ್ಮ ಚಿಂತನೆಯ ಪ್ರಭಾವವಿದ್ದ ಕೆಂಟ್ ಅವರಿಗೆ ರೋಗ ಒಳಗಿನಿಂದ ಹೊರಕ್ಕೆ ಹರಿಯುವಂಥದ್ದು. ಆದ್ದರಿಂದ ಅವರ ರೆಪರ್ಟರಿಯ, ಅಂದರೆ ಲಕ್ಷಣಗಳಿಂದ ಔಷಧ ಹುಡುಕುವ ಸೂಚಿಯ, ಮೊದಲ ಅಧ್ಯಾಯವೇ ಮನಸ್ಸು. ನಮ್ಮ ಕಾಲೇಜುಗಳಲ್ಲಿ ಗೆದ್ದದ್ದು ಕೆಂಟ್ ಅವರ ದಾರಿ. ನಾನೂ ಅದರಲ್ಲಿಯೇ ಕಲಿತವಳು. ಹ್ಯೂಸ್ ಅವರ ಎಚ್ಚರಿಕೆಯನ್ನು ನಾವು ಇನ್ನಷ್ಟು ಕೇಳಿಸಿಕೊಳ್ಳಬೇಕಾಗಿತ್ತು ಎಂದು ವಯಸ್ಸಾಗುತ್ತಾ ಅನಿಸುತ್ತಿದೆ.

ಇನ್ನು ಇಂದು ಎಲ್ಲರ ಬಾಯಲ್ಲಿರುವ ನಕ್ಸ್ ವಾಮಿಕಾ ಮನುಷ್ಯನ ಚಿತ್ರಕ್ಕೆ ಬಣ್ಣ ತುಂಬಿದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೈದ್ಯರಾಗಿದ್ದ ವಿಲಿಯಂ ಬೋರಿಕ್ ಪ್ರಮುಖರು. ಅವರ ಕೈಪಿಡಿ ಮೊದಲು ಬಂದದ್ದು 1901ರಲ್ಲಿ. 1927ರ ಒಂಬತ್ತನೆಯ ಆವೃತ್ತಿ ಇಂದಿಗೂ ಅನೇಕ ಹೋಮಿಯೋಪತಿ ವೈದ್ಯರ ಮೇಜಿನ ಮೇಲಿದೆ. ತೆಳ್ಳಗಿನ ಮೈ, ಚುರುಕು, ಸಿಡುಕು, ಬುದ್ಧಿಗೆ ಬಿಡುವಿಲ್ಲದ ಕೆಲಸ, ಕಚೇರಿಯಲ್ಲಿ ಕುಳಿತೇ ಕಳೆಯುವ ದಿನ, ವ್ಯವಹಾರದ ಚಿಂತೆ, ದಣಿವಿಗೆ ಕಾಫಿ, ಉದ್ವೇಗಕ್ಕೆ ತಂಬಾಕು, ರಾತ್ರಿ ಮಸಾಲೆಯೂಟ, ಮದ್ಯ, ತಡವಾದ ನಿದ್ದೆ, ಮರುದಿನ ಭಾರವಾದ ತಲೆ, ಕೆಟ್ಟ ಹೊಟ್ಟೆ, ಇನ್ನಷ್ಟು ಸಿಡುಕು. ಇದು ಆಧುನಿಕ ಜೀವನದ ಔಷಧ ಎಂಬ ಅರ್ಥದಲ್ಲಿಯೇ ಅವರು ಬರೆಯುತ್ತಾರೆ. ಇದರಲ್ಲಿ ಬಹುಭಾಗ ಅಮೆರಿಕದ ನಗರದ ಒಬ್ಬ ವ್ಯಾಪಾರಿಯ ದಿನಚರಿ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಆದರೂ ಈ ವರ್ಣನೆಗಳಲ್ಲಿ ಸೂಕ್ಷ್ಮವಾದ ನೋಟವಿದೆ. ಹೊತ್ತು ಬಹಳ ನಿಧಾನವಾಗಿ ಸಾಗುತ್ತದೆ ಎಂಬ ಭಾವನೆ, ಸಣ್ಣ ತೊಂದರೆಯೂ ದೊಡ್ಡದಾಗಿ ಕಾಡುವುದು, ತಪ್ಪನ್ನು ಸದಾ ಇನ್ನೊಬ್ಬರ ಮೇಲೆ ಹೊರಿಸುವುದು, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ, ಹೊರಳಾಡಿ, ಬೆಳಕು ಹರಿಯುವಾಗ ನಿದ್ದೆ ಹತ್ತಿ, ಎದ್ದಾಗ ಮೊದಲಿಗಿಂತ ಹೆಚ್ಚು ದಣಿದಿರುವುದು: ಇವನ್ನು ಬರೆದವರು ರೋಗಿಯ ಮಾತನ್ನು ತಾಳ್ಮೆಯಿಂದ ಕೇಳಿದವರು. ಇದರ ಎದುರಿಗೆ ಪಲ್ಸಟಿಲ್ಲಾವನ್ನಿಡಿ. ಗಾಳಿಗೆ ತೂಗುವ ನೇರಳೆ ಹೂವಿನ ಯೂರೋಪಿನ ಗಿಡ ಅದು. ಅದರ ರೋಗಿ ಮೃದು, ಬೇಗ ಕಣ್ಣೀರು ಹಾಕುವವರು, ಸಮಾಧಾನದ ಮಾತಿಗೆ ಕರಗುವವರು, ಕಿಟಕಿ ತೆರೆದರೆ ಹಿತವೆನ್ನುವವರು. ನಕ್ಸ್ ರೋಗಿಗೆ ಕಿಟಕಿ ತೆರೆದರೆ ಚಳಿ, ಸಮಾಧಾನ ಹೇಳಿದರೆ ರೇಗು.

ಮನಶ್ಶಾಸ್ತ್ರ ವಿದ್ಯಾರ್ಥಿನಿ

ಡಾಕ್ಟರೇ, ನೀವು ಪ್ರಾಮಾಣಿಕವಾಗಿ ಬರೆದಿರುವುದರಿಂದ ನನ್ನ ಅನುಮಾನವನ್ನು ಹೇಳುವ ಧೈರ್ಯ ಬಂತು.

1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಬಳಿಕ ಪ್ರತಿಯೊಬ್ಬರಿಗೂ ‘ನಿಮ್ಮ ಫಲಿತಾಂಶ’ ಎಂದು ಒಂದು ವರ್ಣನೆಯನ್ನು ಹಂಚಿದರು. ಎಲ್ಲರಿಗೂ ಕೊಟ್ಟದ್ದು ಒಂದೇ ವರ್ಣನೆ, ಹೆಚ್ಚಿನದೆಲ್ಲ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದು. ಅದು ತಮಗೆ ಎಷ್ಟು ಹೊಂದುತ್ತದೆ ಎಂದು ಐದರಲ್ಲಿ ಅಂಕ ಕೊಡಲು ಹೇಳಿದಾಗ ಸರಾಸರಿ 4.26 ಬಂತು. ‘ಸದ್ದಾದರೆ ಕಿರಿಕಿರಿಯಾಗುತ್ತದೆಯೇ’, ‘ಕೆಲಸ ತಡವಾದರೆ ಸಿಟ್ಟು ಬರುತ್ತದೆಯೇ’ ಎಂದು ಕೇಳಿದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಯಾರು ಇಲ್ಲ ಎಂದಾರು? ನಕ್ಸ್ ಚಿತ್ರ ಫೋರರ್ ಅವರ ವರ್ಣನೆಗಿಂತ ಹೆಚ್ಚು ನಿರ್ದಿಷ್ಟವಾಗಿದೆ ಎಂಬುದು ನಿಜ. ಮೂರು ಗಂಟೆಯ ಎಚ್ಚರ, ಚಳಿಯ ಅಸಹನೆ ಎಲ್ಲರಿಗೂ ಇರುವುದಿಲ್ಲ. ಆದರೂ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುವ ಪ್ರಶ್ನೆ, ಆ ಚಿತ್ರಕ್ಕೆ ಒಗ್ಗುವ ಉತ್ತರವನ್ನೇ ಎಳೆದು ತರುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಯೋಚನೆಗೆ ಹಚ್ಚಿತು. ಬೋರಿಕ್ ಅವರಿದ್ದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೇ 1959ರಲ್ಲಿ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಎಂಬ ಹೃದ್ರೋಗ ತಜ್ಞರು ‘ಟೈಪ್ ಎ’ ವರ್ತನೆಯನ್ನು ವಿವರಿಸಿದರು. ಸದಾ ಅವಸರ, ಪೈಪೋಟಿ, ಅಸಹನೆ, ಹಗೆತನ. ಹೆಸರು ಮುಚ್ಚಿಟ್ಟು ಓದಿದರೆ ಇದು ನಕ್ಸ್ ವಾಮಿಕಾವೇ. ಟೈಪ್ ಎ ಜನರಿಗೆ ಹೃದಯಾಘಾತ ಹೆಚ್ಚು ಎಂಬ ಆರಂಭದ ತೀರ್ಮಾನವನ್ನು ಮುಂದಿನ ಹಲವು ಅಧ್ಯಯನಗಳು ಎತ್ತಿಹಿಡಿಯಲಿಲ್ಲ. ಆ ಮನುಷ್ಯ ಇದ್ದಾನೆ, ಎರಡು ಕಾಲದ ವೈದ್ಯರೂ ಅವನನ್ನು ಕಂಡಿದ್ದಾರೆ. ಅವನು ಇದ್ದಾನೆ ಎಂಬುದರಿಂದ ಅವನ ಕಾಯಿಲೆಯಾಗಲಿ ಔಷಧವಾಗಲಿ ಗೊತ್ತಾಗುವುದಿಲ್ಲ.

ಸಿಡುಕಿನ ನಕ್ಸ್ ಯಾವಾಗಲೂ ಗಂಡಸು, ಅಳುವ ಪಲ್ಸಟಿಲ್ಲಾ ಯಾವಾಗಲೂ ಹೆಂಗಸು ಎಂದು ಉದಾಹರಿಸುವ ರೂಢಿಯ ಬಗ್ಗೆಯೂ ನನಗೆ ಬೇಸರವಿದೆ. ನಮ್ಮ ಅತ್ತೆ ಅಡಿಗೆಮನೆಯಲ್ಲಿ ಸೌಟು ಬಿದ್ದ ಸದ್ದಿಗೆ ಸಿಡಿಯುತ್ತಾರೆ. ಅವರಿಗೆ ಬರೆದುಕೊಟ್ಟದ್ದು ಪಲ್ಸಟಿಲ್ಲಾ.

ಕರಾವಳಿ ಓದುಗ

ಎಲ್ಲರಿಗೂ ಕೃತಜ್ಞತೆಗಳು. ನಾನು ಮೊದಲ ಬರಹದಲ್ಲಿ ಹೇಳದೆ ಬಿಟ್ಟ ಸಂಗತಿಯನ್ನು ಈಗ ಹೇಳಬೇಕು.

ನಕ್ಸ್ ವಾಮಿಕಾ ಆರಂಭಿಸಿದ ಮೇಲೆ ಮನೆಯಲ್ಲಿ ಒಂದು ಬದಲಾವಣೆಯಾಯಿತು. ತಂದೆಯವರು ರೇಗಿದಾಗಲೆಲ್ಲ ‘ಅದು ನಕ್ಸ್ ಸ್ವಭಾವ’ ಎಂದು ನಾವು ಹೇಳತೊಡಗಿದೆವು. ಅವರಿಗೂ ಅದು ಹಿಡಿಸಿತ್ತು. ಹೊಟ್ಟೆಯುರಿ ಹೆಚ್ಚಾದಾಗ ವೈದ್ಯರು ಪೊಟೆನ್ಸಿ ಏರಿಸಿದರು. ಚಿತ್ರ ಅಷ್ಟು ಚೆನ್ನಾಗಿ ಹೊಂದಿದ್ದರಿಂದ ಔಷಧ ಸರಿಯಾಗಿದೆ ಎಂಬುದರಲ್ಲಿ ಅವರಿಗಾಗಲಿ ನಮಗಾಗಲಿ ಅನುಮಾನವೇ ಬರಲಿಲ್ಲ. ಹನ್ನೊಂದು ತಿಂಗಳು ಹೀಗೆ ಕಳೆದವು. ಒಂದು ದಿನ ಮಲ ಡಾಂಬರಿನಂತೆ ಕಪ್ಪಾಯಿತು, ಬಚ್ಚಲಿನ ಬಾಗಿಲಲ್ಲಿಯೇ ಕುಸಿದರು. ಎಂಡೋಸ್ಕೋಪಿಯಲ್ಲಿ ಕರುಳಿನ ಆರಂಭದ ಭಾಗದಲ್ಲಿ ಹುಣ್ಣು ಕಂಡಿತು. ರಕ್ತ ಕೊಟ್ಟರು, ಎರಡು ವಾರ ಆಂಟಿಬಯೋಟಿಕ್ ಕೊಟ್ಟರು, ಗುಣವಾಯಿತು. ಈಗ ಅವರಿಗೆ ಎಪ್ಪತ್ತೆರಡು, ಆರೋಗ್ಯವಾಗಿದ್ದಾರೆ. ಸಿಟ್ಟು ಹಾಗೆಯೇ ಇದೆ.

ಆ ವೈದ್ಯರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಮ್ಮಪ್ಪನ ಮಾತನ್ನು ಅಷ್ಟು ಹೊತ್ತು ಕೂತು ಕೇಳಿದವರು ಅವರೊಬ್ಬರೇ. ಆದರೆ ಆ ಒಂದೂವರೆ ಗಂಟೆಯಲ್ಲಿ ಹೊಟ್ಟೆಯನ್ನು ಯಾರೂ ಮುಟ್ಟಿ ನೋಡಲಿಲ್ಲ.

ಗುಳಿಗೆ ಪೆಟ್ಟಿಗೆ

ಓದಿ ಮನಸ್ಸಿಗೆ ನೋವಾಯಿತು. ಹಾಗಾಗಬಾರದಿತ್ತು. ಕಪ್ಪು ಮಲ, ತೂಕ ಇಳಿಯುವುದು, ನುಂಗಲು ಕಷ್ಟ, ನಿಲ್ಲದ ವಾಂತಿ, ಇವುಗಳಲ್ಲಿ ಯಾವುದು ಕಂಡರೂ, ಐವತ್ತು ದಾಟಿದವರಲ್ಲಿ ಹೊಟ್ಟೆಯ ತೊಂದರೆ ಹೊಸದಾಗಿ ಶುರುವಾದರೂ, ಮೊದಲು ತಪಾಸಣೆಗೆ ಕಳುಹಿಸಬೇಕು. ಸ್ವಭಾವ ವಿಚಾರಿಸುವುದು ಆಮೇಲಿನ ಕೆಲಸ.

ದೀರ್ಘ ಸಂದರ್ಶನದ ಬಗ್ಗೆ ಒಂದು ಅಧ್ಯಯನವನ್ನು ನಾನೇ ಮುಂದಿಡುತ್ತೇನೆ, ಅದು ನನ್ನ ವೃತ್ತಿಗೆ ಪೂರ್ತಿ ಅನುಕೂಲವಾಗಿಲ್ಲದಿದ್ದರೂ. ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಸಂಧಿವಾತದ 83 ರೋಗಿಗಳ ಮೇಲೆ ನಡೆಸಿ, 2011ರಲ್ಲಿ ಮುದ್ರಣಗೊಂಡ ಪ್ರಯೋಗದಲ್ಲಿ, ಹೋಮಿಯೋಪತಿ ಸಮಾಲೋಚನೆ ಪಡೆದವರಿಗೆ ಪ್ರಯೋಜನ ಕಂಡಿತು, ಆದರೆ ಆ ಪ್ರಯೋಜನ ಸಮಾಲೋಚನೆಯಿಂದ ಬಂದದ್ದೇ ಹೊರತು ಔಷಧದಿಂದಲ್ಲ ಎಂಬ ತೀರ್ಮಾನ ಬಂತು. ಅದನ್ನು ಓದಿದ ಮೇಲೆ ಕೇಳುವ ಕ್ರಮವನ್ನು ಬದಲಿಸಿಕೊಂಡೆ. ‘ಸಿಟ್ಟು ಬರುತ್ತದೆಯೇ’ ಎಂದು ಕೇಳುವುದಿಲ್ಲ, ‘ನಿನ್ನೆಯ ದಿನ ಬೆಳಿಗ್ಗೆಯಿಂದ ಹೇಗೆ ಕಳೆಯಿತು, ಹೇಳಿ’ ಎನ್ನುತ್ತೇನೆ. ನಿಮ್ಮನ್ನೂ ಒಂದು ಕೇಳಬೇಕು: ಮೂರು ಗಂಟೆಗೆ ಎಚ್ಚರವಾದಾಗ ನಿಮ್ಮ ತಂದೆ ಏನು ಮಾಡುತ್ತಿದ್ದರು?

ಔಷಧಶಾಸ್ತ್ರದ ಮೇಷ್ಟ್ರು

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಕರುಳಿನ ಆರಂಭದ ಹುಣ್ಣಿನ ನೋವು ರಾತ್ರಿ ಎರಡು ಮೂರರ ಹೊತ್ತಿಗೆ ರೋಗಿಯನ್ನು ಎಬ್ಬಿಸುವುದು ಪಠ್ಯಪುಸ್ತಕದಲ್ಲಿರುವ ಲಕ್ಷಣ. ಏನಾದರೂ ತಿಂದರೆ ಆ ನೋವು ಶಮನವಾಗುತ್ತದೆ. ಬಹುಪಾಲು ಹುಣ್ಣುಗಳಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಅದಕ್ಕೆ ಮೊದಲು ನಮ್ಮ ವೈದ್ಯಪದ್ಧತಿಯೂ ಹುಣ್ಣಿನ ರೋಗಿಯನ್ನು ಚಿಂತೆಯವನು, ಕೋಪಿಷ್ಠ, ಕೆಲಸದ ಒತ್ತಡದವನು ಎಂದೇ ಚಿತ್ರಿಸುತ್ತಿತ್ತು. ಆ ತಪ್ಪು ಹೋಮಿಯೋಪತಿಯೊಂದರದೇ ಅಲ್ಲ ಎಂಬುದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ.

ಕರಾವಳಿ ಓದುಗ

ನಿಮ್ಮಿಬ್ಬರ ಬರಹ ಓದಿ ಅಮ್ಮನನ್ನು ಕೇಳಿದೆ. ತಂದೆಯವರದು ಸಣ್ಣ ಹೋಟೆಲು. ಮೂವತ್ತು ವರ್ಷ ಬೆಳಗಿನ ಜಾವ ಮೂರಕ್ಕೆ ಎದ್ದು ಒಲೆ ಹಚ್ಚಿದವರು. ಅದಕ್ಕೇ ‘ಮೂರಕ್ಕೆ ಎಚ್ಚರವಾಗುತ್ತದೆಯೇ’ ಎಂದಾಗ ಹೌದು ಎಂದದ್ದು ಸಹಜವೆಂದು ನಾವೆಲ್ಲ ತಿಳಿದಿದ್ದೆವು. ಆದರೆ ಅಮ್ಮ ಹೇಳುವುದು ಬೇರೆ. ಹೋಟೆಲು ಬಿಟ್ಟು ಎರಡು ವರ್ಷವಾದ ಮೇಲೂ, ಆ ಹನ್ನೊಂದು ತಿಂಗಳೂ, ಅವರು ಮೂರಕ್ಕೇ ಎದ್ದು ಹೊಟ್ಟೆ ಒತ್ತಿ ಹಿಡಿದು ಕೂರುತ್ತಿದ್ದರಂತೆ. ಮಂಚದ ಕೆಳಗೆ ಮಾರಿ ಬಿಸ್ಕತ್ತಿನ ಡಬ್ಬ ಇಟ್ಟುಕೊಂಡಿದ್ದರಂತೆ. ಎರಡು ಬಿಸ್ಕತ್ತು ತಿಂದು ಅರ್ಧ ಲೋಟ ಹಾಲು ಕುಡಿದರೆ ನೋವು ಇಳಿದು, ಬೆಳಕು ಹರಿಯುವ ಹೊತ್ತಿಗೆ ನಿದ್ದೆ ಹತ್ತುತ್ತಿತ್ತಂತೆ.

ಡಬ್ಬ ಇನ್ನೂ ಮಂಚದ ಕೆಳಗೇ ಇದೆ. ಅಮ್ಮ ಈಗ ಅದರಲ್ಲಿ ಗುಂಡಿ, ಸೂಜಿ, ದಾರ ಇಡುತ್ತಾರೆ.

ಗುಳಿಗೆ ಪೆಟ್ಟಿಗೆ

ಹೇಳಿದ್ದಕ್ಕೆ ಧನ್ಯವಾದ. ನನ್ನ ಕೇಸ್ ಹಾಳೆಯಲ್ಲಿ ‘ಎಷ್ಟು ಗಂಟೆಗೆ ಎಚ್ಚರ’ ಎಂಬ ಕಲಂ ಮೊದಲಿನಿಂದ ಇದೆ. ಅದರ ಕೆಳಗೆ ‘ಎದ್ದು ಏನು ಮಾಡುತ್ತಾರೆ, ಏನು ತಿನ್ನುತ್ತಾರೆ’ ಎಂದು ಇಂದು ಕೈಯಲ್ಲೇ ಬರೆದು ಸೇರಿಸಿದ್ದೇನೆ. ಮುಂದಿನ ಬಾರಿ ಮುದ್ರಿಸುವಾಗ ಅಚ್ಚಿನಲ್ಲೇ ಹಾಕಿಸುತ್ತೇನೆ.